ಸೋರುವುದನ್ನು ಮರೆಸಿದ ಪಂಪು

ನನ್ನ ದೋಣಿ ಮುಳುಗಿದ್ದು ನಿಂತಲ್ಲೇ. ಬಿರುಗಾಳಿ ಬಂದಿರಲಿಲ್ಲ, ಇನ್ನೊಂದು ದೋಣಿ ಬಂದು ಗುದ್ದಿರಲಿಲ್ಲ. ದಡಕ್ಕೆ ಕಟ್ಟಿದ ಹಗ್ಗ ಕಟ್ಟಿದಂತೆಯೇ ಇತ್ತು. ಎದೆಮಟ್ಟಕ್ಕೂ ಬಾರದ ನೀರಿನಲ್ಲಿ ಅದರ ಹಿಂಬದಿ ಮೆಲ್ಲಗೆ ಇಳಿದು ಕಾಲುವೆಯ ಕೆಸರಿನಲ್ಲಿ ಕೂತಿತು. ನಾನಾಗ ಮಂಡ್ಯದ ಹತ್ತಿರ ನಮ್ಮೂರಿನಲ್ಲಿದ್ದೆ. ಸಂಕ್ರಾಂತಿ ಕಳೆದು ತಂಗಿಯ ಮದುವೆಯ ಓಡಾಟ ನಡೆದಿತ್ತು. ಸುದ್ದಿ ಕೇಳಿದವರೆಲ್ಲ ದುರದೃಷ್ಟ ಎಂದರು. ನಾನೂ ಕೆಲವು ತಿಂಗಳು ಹಾಗೇ ಹೇಳಿಕೊಂಡು ತಿರುಗಿದೆ. ಅದು ದುರದೃಷ್ಟವಾಗಿರಲಿಲ್ಲ.

ಅದು ವಿಹಾರಕ್ಕೆ ಇಟ್ಟುಕೊಂಡ ದೋಣಿಯಲ್ಲ, ನನ್ನ ಮನೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ಈ ಉದ್ದನೆಯ ಕಬ್ಬಿಣದ ದೋಣಿಗಳಿಗೆ ನ್ಯಾರೋಬೋಟ್ ಎನ್ನುತ್ತಾರೆ. ಅಗಲ 6 ಅಡಿ 10 ಇಂಚು, ಉದ್ದ 72 ಅಡಿಯವರೆಗೂ ಹೋಗುತ್ತದೆ. ನನ್ನದು 57 ಅಡಿ. ಇಷ್ಟು ಕಿರಿದಾದ ಅಗಲಕ್ಕೆ ಕಾರಣ 18ನೆಯ ಶತಮಾನದ ಲಾಕುಗಳು. ಲಾಕ್ ಎಂದರೆ ಎರಡೂ ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ತೂಬು ಎತ್ತಿ ನೀರು ತುಂಬಿಸಿದರೆ ದೋಣಿ ಮೇಲಿನ ಮಟ್ಟಕ್ಕೆ ಏರುತ್ತದೆ, ಖಾಲಿ ಮಾಡಿದರೆ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ಟ್ರೆಂಟ್ ಅಂಡ್ ಮರ್ಸಿ ಕಾಲುವೆ ತೋಡಿಸಿದ ಜೇಮ್ಸ್ ಬ್ರಿಂಡ್ಲಿ ಅಲ್ಲಿನ ಬಹುಪಾಲು ಲಾಕುಗಳನ್ನು ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸಿದ. ಕಲ್ಲಿದ್ದಲು, ಪಿಂಗಾಣಿ ಸಾಗಿಸುವ ದೋಣಿಗಳು ಅದಕ್ಕೆ ತಕ್ಕಂತೆ ಹುಟ್ಟಿದವು. ಇವತ್ತು ಅದೇ ಅಳತೆಯೊಳಗೆ ಜನ ಸಂಸಾರ ಮಾಡುತ್ತಾರೆ.

ನನಗೆ ಕೆಲಸ ಸಿಕ್ಕಿದ್ದು ಮಿಲ್ಟನ್ ಕೀನ್ಸ್‌ನಲ್ಲಿ. ಸಂಬಳದ ಅರ್ಧ ಭಾಗ ಬಾಡಿಗೆಗೇ ಹೋಗುತ್ತಿತ್ತು. ಊರನ್ನು ಸುತ್ತಿಕೊಂಡು ಹೋಗುವ ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಂಡೆಯ ಮೇಲೆ ಭಾನುವಾರ ನಡೆಯುವುದು ರೂಢಿಯಾಯಿತು. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ ಅದು. ಉತ್ತರಕ್ಕೆ ಕಾಸ್‌ಗ್ರೋವ್‌ವರೆಗೆ ನಡೆದರೆ, ಕಾಲುವೆ ಗ್ರೇಟ್ ಊಜ್ ನದಿಯನ್ನು 1811ರಲ್ಲಿ ಕಟ್ಟಿದ ಕಬ್ಬಿಣದ ತೊಟ್ಟಿಯೊಳಗೆ ದಾಟುತ್ತದೆ. ಮೇಲೆ ನೀರು, ಎಷ್ಟೋ ಅಡಿ ಕೆಳಗೆ ಇನ್ನೊಂದು ನೀರು. ನಾನು ವಿಶ್ವೇಶ್ವರಯ್ಯ ನಾಲೆಯ ಮಗ್ಗುಲಲ್ಲಿ ಬೆಳೆದವನು. ಅಪ್ಪ ನೀರಾವರಿ ಇಲಾಖೆಯಲ್ಲಿ ನಾಲೆ ಕಾಯುವ ಕೆಲಸದಲ್ಲಿದ್ದರು. ಹಾಗಾಗಿ ಆ ನೋಟ ನನ್ನನ್ನು ಹಿಡಿದು ನಿಲ್ಲಿಸಿತು. ಇನ್ನೂ ಮುಂದೆ ಬ್ಲಿಸ್‌ವರ್ತ್ ಸುರಂಗವಿದೆ. ಅದು 3,076 ಗಜ ಉದ್ದ, 1805ರಲ್ಲಿ ತೆರೆದದ್ದು. ಒಳಗೆ ಕುದುರೆ ನಡೆಯಲು ದಾರಿಯಿಲ್ಲ. ಆಗಿನ ದೋಣಿಯವರು ಹಲಗೆಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಗೆ ಕಾಲು ಕೊಟ್ಟು ಒದ್ದು ಒದ್ದು ದೋಣಿಯನ್ನು ಆಚೆ ದಾಟಿಸುತ್ತಿದ್ದರು. ಮುಂದೆ ನನ್ನದೇ ದೋಣಿಯಲ್ಲಿ ಆ ಕತ್ತಲೆಯನ್ನು ಹೊಕ್ಕಾಗ, ನಮ್ಮ ನಾಲೆ ಹಾದುಬರುವ ಹುಲಿಕೆರೆ ಸುರಂಗ ನೆನಪಾಗಿ ಮೈ ನವಿರೆದ್ದಿತ್ತು. ಕಾಲುವೆ ನನಗೆ ಗೊತ್ತು ಎಂಬ ಧೈರ್ಯ ಬಂದಿದ್ದು ಇದರಿಂದಲೇ. ಗೊತ್ತಿದ್ದದ್ದು ದಂಡೆಯಿಂದ ಕಂಡ ಕಾಲುವೆ ಮಾತ್ರ.

ಕೂಡಿಟ್ಟ ಹಣ ಹಾಕಿ ಹಳೆಯ ದೋಣಿಯೊಂದನ್ನು ಕೊಂಡೆ.

ದೋಣಿಯ ಬದುಕನ್ನು ಮೊದಲ ವಾರವೇ ಕಲಿಸುವುದು ಒಲೆ. ಎರಡು ಅಡಿ ಎತ್ತರದ ಎರಕದ ಕಬ್ಬಿಣದ ಒಲೆ, ಅದಕ್ಕೆ ಹೊಗೆಯಿಲ್ಲದ ಕಲ್ಲಿದ್ದಲು. ರಾತ್ರಿ ಮಲಗುವ ಮೊದಲು ಕೆಂಡದ ಮೇಲೆ ಇದ್ದಲು ಪೇರಿಸಿ ಗಾಳಿಗಂಡಿಯನ್ನು ಕೂದಲೆಳೆಯಷ್ಟು ಬಿಟ್ಟು ಮುಚ್ಚಬೇಕು. ಹೆಚ್ಚು ಬಿಟ್ಟರೆ ನಡುರಾತ್ರಿಗೆ ಉರಿದು ಹೋಗುತ್ತದೆ, ಪೂರ್ತಿ ಮುಚ್ಚಿದರೆ ಆರುತ್ತದೆ. ಬೆಳಗ್ಗೆ ಕಂಬಿ ಅಲುಗಿಸಿ ಬೂದಿ ಉದುರಿಸಿ, ಬಿಸಿ ಬೂದಿಯನ್ನು ಹೊರಗೇ ಇಡಬೇಕು. ಒಳಗಿಟ್ಟ ಬೂದಿಯಿಂದ ಇಂಗಾಲದ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಮಲಗುವ ವ್ಯವಸ್ಥೆ ಇರುವ ದೋಣಿಗಳಲ್ಲಿ ಅದನ್ನು ಪತ್ತೆ ಹಚ್ಚುವ ಅಲಾರಂ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಗಾಳಿ ಆಡಲು ಗೋಡೆಯಲ್ಲಿ ಬಿಟ್ಟ ಗಂಡಿಗಳಿಗೆ ಚಳಿಯೆಂದು ಬಟ್ಟೆ ತುರುಕುವವರಿದ್ದಾರೆ. ಅದು ಪ್ರಾಣಕ್ಕೆ ಕುತ್ತು ತರುವ ಕೆಲಸ.

ನೀರು ಮುಂಬದಿಯ ಟ್ಯಾಂಕಿನಲ್ಲಿ. ಕಾಲುವೆ ದಂಡೆಯ ನಲ್ಲಿಗಳ ಹತ್ತಿರ ದೋಣಿ ಒಯ್ದು ನಿಲ್ಲಿಸಿ ಕೊಳವೆ ಹಾಕಿ ತುಂಬಿಸಿಕೊಳ್ಳಬೇಕು. ಹೆಪ್ಪುಗಟ್ಟುವ ಚಳಿಯಲ್ಲಿ ಆ ನಲ್ಲಿಯೂ ಕಲ್ಲಾಗಿರುತ್ತದೆ. ಪಾಯಿಖಾನೆಯ ಡಬ್ಬಿಯನ್ನು ನಾವೇ ಹೊತ್ತು, ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆಯಬೇಕು. ಅಡುಗೆಗೆ ಪ್ರೊಪೇನ್ ಸಿಲಿಂಡರು. ಬ್ಯುಟೇನ್ ಆದರೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅನಿಲವಾಗಿ ಮೇಲೇಳುವುದೇ ಇಲ್ಲ. ಸಾರಿಗೆ ಒಗ್ಗರಣೆ ಹಾಕಿ ಮುದ್ದೆ ತಿರುವುವ ಹೊತ್ತಿಗೆ ಕಿಟಕಿಗಳ ಒಳಮೈಯಲ್ಲಿ ನೀರು ಇಳಿಯುತ್ತಿರುತ್ತದೆ. ದಿನವೂ ಒರೆಸದಿದ್ದರೆ ಮರದ ಅಂಚು ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಇದೆಲ್ಲವನ್ನೂ ನಾನು ಮನಸ್ಸಿಟ್ಟು ಮಾಡಿದೆ. ಇದ್ದಲು, ಡೀಸೆಲ್, ಸಿಲಿಂಡರು ಹೊತ್ತು ಬರುವ ದೋಣಿಯ ಸದ್ದು ದೂರದಿಂದ ಕೇಳಿದರೆ ಹಬ್ಬದ ಸಡಗರ. ಅಂಥ ಸುಖವನ್ನು ಬಾಡಿಗೆ ಮನೆಯಲ್ಲಿ ನಾನು ಕಂಡಿರಲಿಲ್ಲ.

ಎಡವಿದ್ದು ಕರೆಂಟಿನಲ್ಲಿ. ದಡದಿಂದ ತಂತಿ ಎಳೆಯದ ದೋಣಿಗೆ ಬ್ಯಾಟರಿಗಳೇ ಆಧಾರ. ನನ್ನವು ಸೀಸ-ಆಮ್ಲದ ಮಾಮೂಲಿ ಬ್ಯಾಟರಿಗಳು. ಇವನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆಗಾಗ ಪೂರ್ತಿ ತುಂಬಿಸಲೇಬೇಕು. ಮೊದಲ ಮುಕ್ಕಾಲು ಭಾಗ ಬೇಗ ತುಂಬುತ್ತದೆ, ಕಡೆಯ ಪಾಲು ತುಂಬಲು ಗಂಟೆಗಟ್ಟಲೆ ಹಿಡಿಯುತ್ತದೆ. ತುಂಬದೆ ಬಿಟ್ಟರೆ ಒಳಗಿನ ಸೀಸದ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿಯ ಹೊಟ್ಟೆ ವಾರವಾರಕ್ಕೂ ಸಣ್ಣದಾಗುತ್ತದೆ. ಚಳಿಗಾಲದಲ್ಲಿ ಸೌರಫಲಕದಿಂದ ಬರುವುದು ತೀರ ಅಲ್ಪ, ಎಂಜಿನ್ ಓಡಿಸಿಯೇ ತುಂಬಿಸಬೇಕು. ಆದರೆ ದಡಕ್ಕೆ ಕಟ್ಟಿದ ದೋಣಿಯ ಎಂಜಿನ್ನನ್ನು ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಓಡಿಸುವಂತಿಲ್ಲ. ನಾನು ಕಚೇರಿಯಿಂದ ಬಂದು ಸ್ವಲ್ಪ ಹೊತ್ತು ಓಡಿಸುತ್ತಿದ್ದೆ. ಮೀಟರು 14 ವೋಲ್ಟ್ ತೋರಿಸಿದರೆ ತುಂಬಿತು ಎಂದು ನಿಲ್ಲಿಸುತ್ತಿದ್ದೆ. ಆ 14 ವೋಲ್ಟ್ ಎಂಜಿನ್ ತಳ್ಳುತ್ತಿರುವ ಒತ್ತಡವೇ ಹೊರತು ಬ್ಯಾಟರಿಯಲ್ಲಿ ಕೂಡಿದ ಶಕ್ತಿಯಲ್ಲ ಎಂದು ತಿಳಿಯುವ ಹೊತ್ತಿಗೆ ಅವುಗಳ ಅರ್ಧ ಜೀವ ಹೋಗಿತ್ತು.

ಉಳಿದ ಕೆಲಸಗಳಲ್ಲಿ ನಾನು ಕಟ್ಟುನಿಟ್ಟಾಗಿದ್ದೆ ಎಂದೇ ನಂಬಿದ್ದೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಎತ್ತಿಸಿ, ಪಾಚಿ ಕೆರೆದು, ಅಡಿಮೈಗೆ ಕಪ್ಪು ಬಿಟುಮಿನ್ ಬಳಿಯಬೇಕು. ಬಳಿಸಿದೆ. ತುಕ್ಕು ದೋಣಿಗಿಂತ ಮೊದಲು ಅವನ್ನೇ ತಿನ್ನಲಿ ಎಂದು ಅಡಿಮೈಗೆ ಬೆಸೆಯುವ ಮೆಗ್ನೀಸಿಯಂ ತುಂಡುಗಳನ್ನು ಬದಲಿಸಿದೆ. ನಾಲ್ಕು ವರ್ಷಕ್ಕೊಮ್ಮೆ ಪಡೆಯಬೇಕಾದ ದೋಣಿ ಸುರಕ್ಷಾ ಪ್ರಮಾಣಪತ್ರ ಇತ್ತು, ವಿಮೆ ಇತ್ತು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ಪರವಾನಗಿಯೂ ಇತ್ತು. ಈಗ ತಿರುಗಿ ನೋಡಿದರೆ, ಯಾರಾದರೂ ಕಾಗದ ಕೇಳುವ ಕೆಲಸಗಳನ್ನೆಲ್ಲ ಮಾಡಿದ್ದೆ. ಯಾರೂ ಕೇಳದ ಕೆಲಸ ಒಂದಿತ್ತು, ಅದು ಬಾಕಿ ಉಳಿಯಿತು.

ಆ ಕೆಲಸ ಹಿಂಬದಿಯಲ್ಲಿ, ಹಲಗೆ ಎತ್ತಿ ಬಗ್ಗಿದರೆ ಕಾಣುವ ಎಂಜಿನ್ ಗುಂಡಿಯಲ್ಲಿ. ಎಂಜಿನ್ನಿನಿಂದ ಹೊರಟ ದಂಡ ದೋಣಿಯ ಮೈಯನ್ನು ತೂರಿಕೊಂಡು ಹೊರಗಿನ ಪಂಖಕ್ಕೆ ಹೋಗುತ್ತದೆ. ಅಂದರೆ ನೀರಿನ ಮಟ್ಟಕ್ಕಿಂತ ಕೆಳಗೆ ದೋಣಿಯಲ್ಲಿ ಒಂದು ತೂತು ಇದ್ದೇ ಇರುತ್ತದೆ, ಅದರೊಳಗೆ ದಂಡ ತಿರುಗುತ್ತಲೂ ಇರುತ್ತದೆ. ನೀರು ಒಳಬರದಂತೆ ಅಲ್ಲೊಂದು ಹಿತ್ತಾಳೆಯ ಕಟ್ಟು. ಇದಕ್ಕೆ ಸ್ಟರ್ನ್ ಗ್ಲ್ಯಾಂಡ್ ಎನ್ನುತ್ತಾರೆ. ಒಳಗೆ ಗ್ರೀಸು ಕುಡಿಸಿದ ಹುರಿಯ ಸುತ್ತುಗಳು, ಅವನ್ನು ಒತ್ತಿ ಹಿಡಿಯಲು ಎರಡು ನಟ್ಟು, ಪಕ್ಕದಲ್ಲಿ ಗ್ರೀಸು ತುಂಬಿದ ಕೊಳವೆ, ಅದಕ್ಕೊಂದು ತಿರುಪು. ದಿನದ ಓಡಾಟ ಮುಗಿದ ಮೇಲೆ ತಿರುಪನ್ನು ಬಿಗಿಯಾಗುವವರೆಗೆ ತಿರುಗಿಸಬೇಕು. ದಂಡ ತಿರುಗುವಾಗ ಒಂದೊಂದೇ ಹನಿ ಬೀಳುವುದು ಒಳ್ಳೆಯದೇ, ಹುರಿ ತಣ್ಣಗಿರುತ್ತದೆ. ನಿಂತಾಗ ಹನಿಯೂ ನಿಲ್ಲಬೇಕು. ನಿಲ್ಲದಿದ್ದರೆ ನಟ್ಟನ್ನು ಕೂದಲಷ್ಟು ಬಿಗಿಮಾಡಬೇಕು. ನಟ್ಟು ಕೊನೆ ಮುಟ್ಟಿತೆಂದರೆ ಹುರಿ ಸವೆಯಿತು ಎಂದರ್ಥ, ಹಳೆಯದನ್ನು ಕಿತ್ತು ಹೊಸದು ಹಾಕಬೇಕು. ಕೈ ಪಳಗಿದವರಿಗೆ ಅದು ಅರ್ಧ ದಿನದ ಕೆಲಸ.

ಒಂದು ಬೇಸಿಗೆಯಲ್ಲಿ ಲಂಡನ್ ಕಡೆಗೆ ಹೋಗಿದ್ದಾಗ ಸೌತಾಲ್ ಹತ್ತಿರ ಪಂಖಕ್ಕೆ ಬಟ್ಟೆ ಸುತ್ತಿಕೊಂಡಿತು. ಎಂಜಿನ್ ನಿಲ್ಲಿಸಿ, ಪಂಖದ ಮೇಲಿನ ಮುಚ್ಚಳ ತೆಗೆದು, ತಣ್ಣನೆಯ ನೀರಿಗೆ ತೋಳಿಳಿಸಿ ಕತ್ತರಿಸಿ ತೆಗೆದೆ. ಮಾರುದ್ದದ ಸೀರೆಯ ತುಂಡು. ಹರಕೆಯೋ ಪೂಜೆಯೋ ಮುಗಿಸಿ ಯಾರೋ ನಮ್ಮ ಕಡೆಯವರೇ ಭಕ್ತಿಯಿಂದ ನೀರಿಗೆ ಬಿಟ್ಟಿರಬೇಕು. ಆದರೆ ಕೈ ಹಾಕುವ ಮೊದಲು ನಾನು ಮುಂದಕ್ಕೂ ಹಿಂದಕ್ಕೂ ಜೋರಾಗಿ ಓಡಿಸಿ ಬಿಡಿಸಿಕೊಳ್ಳಲು ನೋಡಿದ್ದೆ. ದಂಡ ಅದುರಿತ್ತು. ಅವತ್ತಿನಿಂದ ಹನಿ ಹೆಚ್ಚಾಯಿತು. ನಟ್ಟು ಬಿಗಿಮಾಡಿದೆ, ಗ್ರೀಸು ಹೆಚ್ಚು ತಿರುಗಿಸಿದೆ. ಚಳಿಗಾಲ ಹತ್ತಿರ ಬಂದಾಗ ನಟ್ಟು ಕೊನೆ ಮುಟ್ಟಿತ್ತು. ಹುರಿ ಬದಲಿಸುವ ಬದಲು ನಾನು ಅಂಗಡಿಗೆ ಹೋಗಿ, ತಳದ ನೀರೆತ್ತುವ ಹೊಸ ಬಿಲ್ಜ್ ಪಂಪು ತಂದೆ. ನೀರು ಏರಿದರೆ ತೇಲುವ ಸ್ವಿಚ್ ಮೇಲೆದ್ದು ಪಂಪು ತಾನೇ ಓಡುತ್ತದೆ, ಇಳಿದರೆ ತಾನೇ ನಿಲ್ಲುತ್ತದೆ. ಗುಂಡಿ ಒಣಗಿತು. ನಾನು ಹಲಗೆ ಎತ್ತಿ ನೋಡುವುದನ್ನೇ ಬಿಟ್ಟೆ. ತಪ್ಪು ನಡೆದದ್ದು ಇಲ್ಲಿ, ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ನಡೆದುಕೊಂಡು ಬಂತು.

ಡಿಸೆಂಬರಿನ ಒಂದು ರಾತ್ರಿ ಅಪ್ಪನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಪಂಪು ಓಡಿತು.

"ಅದೇನ್ಲಾ ಸದ್ದು?" ಎಂದರು.

"ಪಂಪು ಅಪ್ಪ. ತಳದಲ್ಲಿ ನೀರು ನಿಂತ್ರೆ ತಾನೇ ಎತ್ತಿ ಹೊರಕ್ಕಾಕ್ತದೆ."

"ನೀರು ಎಲ್ಲಿಂದ ಬತ್ತದೆ?"

"ಒಸಿ ಜಿನುಗ್ತದೆ, ಎಲ್ಲಾ ದೋಣೀಲೂ ಇರೋದೇ."

"ಇರೋದೇ ಸರಿ. ನಿನ್ನೆಗಿಂತ ಇವತ್ತು ಜಾಸ್ತಿ ಆಗದೋ ಕಮ್ಮಿ ಆಗದೋ, ನೋಡ್ದಾ?"

ನೋಡುತ್ತೇನೆ ಎಂದೆ. ನೋಡಲಿಲ್ಲ. ಅಪ್ಪ ತಮ್ಮ ಸೇವೆಯುದ್ದಕ್ಕೂ ಬೆಳಗಿನ ಜಾವ ಎದ್ದು ಏರಿಯ ಮೇಲಲ್ಲ, ಏರಿಯ ಹೊರಮಗ್ಗುಲಲ್ಲಿ ನಡೆದವರು. ಒಣಗಿರಬೇಕಾದ ಮಣ್ಣು ಅಂಗೈಯಗಲ ತೇವವಾಗಿದೆಯೇ, ನಿನ್ನೆಯ ತೇವ ಇವತ್ತು ಹರಡಿದೆಯೇ ಎಂದು ನೋಡುವುದೇ ಅವರ ಕೆಲಸವಾಗಿತ್ತು. ನೀರು ಏರಿಯನ್ನು ಒಡೆಯುವ ಮೊದಲು ಒಳಗಿನ ಮಣ್ಣನ್ನು ಸಣ್ಣಗೆ ಹೊತ್ತೊಯ್ಯುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಆ ಪ್ರಶ್ನೆಗೆ ನಾನು ಬೆಲೆ ಕೊಡದೆ ಹೋದದ್ದು, ದೋಣಿ ಹೋದದ್ದಕ್ಕಿಂತ ಹೆಚ್ಚು ನೋಯಿಸುತ್ತದೆ.

ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಮುಂದೆ ಸಾಗುತ್ತಿರಬೇಕು ಎಂಬುದು ಖಾಯಂ ತಂಗುದಾಣವಿಲ್ಲದ ದೋಣಿಗಳ ನಿಯಮ. ಊರಿಗೆ ಹೊರಟಿದ್ದರಿಂದ ನಾನು ಚಳಿಗಾಲದ ತಂಗುದಾಣಕ್ಕೆ ಹಣ ಕಟ್ಟಿ ದೋಣಿ ಕಟ್ಟಿದೆ. ಕೊಳವೆಗಳು ಹೆಪ್ಪುಗಟ್ಟಿ ಒಡೆಯದಂತೆ ನೀರು ಖಾಲಿ ಮಾಡಿದೆ. ಗ್ಯಾಸು ಮುಚ್ಚಿದೆ. ಫ್ರಿಜ್ ಆರಿಸಿದೆ. ಪಂಪಿನ ಸ್ವಿಚ್ ಹಾಕಿದೆಯೇ ಎಂದು ಎರಡೆರಡು ಸಲ ನೋಡಿ ಬೀಗ ಹಾಕಿದೆ.

ಆಮೇಲಿನದು ಸರಳ ಲೆಕ್ಕ. ಗ್ಲ್ಯಾಂಡಿನಿಂದ ಹನಿಗಳು ಸಣ್ಣ ಧಾರೆಯಾಗಿ ಕೂಡಿಕೊಂಡವು. ಪಂಪು ಓಡಿತು, ಮತ್ತೆ ಮತ್ತೆ ಓಡಿತು. ಮೋಡ ಕವಿದ ಜನವರಿಯಲ್ಲಿ ಸೌರಫಲಕ ಕೊಟ್ಟದ್ದಕ್ಕಿಂತ ಅದು ಎಳೆದದ್ದು ಹೆಚ್ಚು. ಮೊದಲೇ ಸೊರಗಿದ್ದ ಬ್ಯಾಟರಿಗಳು ಚಳಿಗೆ ಇನ್ನಷ್ಟು ಸೊರಗಿ ಬರಿದಾದವು. ಪಂಪು ನಿಂತಿತು. ನೀರು ತುಂಬಿದಂತೆ ಹಿಂಬದಿ ತಗ್ಗಿತು. ಸಾಮಾನ್ಯವಾಗಿ ನೀರಿಗಿಂತ ಗೇಣುದ್ದ ಮೇಲಿರುವ ಗಾಳಿಗಂಡಿ, ಬಚ್ಚಲ ನೀರು ಹೋಗುವ ತೂತುಗಳು ನೀರಿನ ಮಟ್ಟಕ್ಕೆ ಬಂದವು. ಅಲ್ಲಿಯವರೆಗೆ ವಾರಗಟ್ಟಲೆ ಜಿನುಗಿದ ನೀರು ಅಲ್ಲಿಂದಾಚೆ ನುಗ್ಗತೊಡಗಿತು. ಎಂಜಿನ್ನಿಗೂ ಮಲಗುವ ಕೋಣೆಗೂ ನಡುವಿನ ಅಡ್ಡಗೋಡೆಯಲ್ಲಿ ತಂತಿಗಳಿಗೆಂದು ಕೊರೆದ ತೂತುಗಳಿದ್ದವು. ಒಳಗೂ ತುಂಬಿತು. ಬೆಳಗ್ಗೆ ದಂಡೆಯಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದ ಯಾರೋ ಕಂಡು ಕೂಗಿದರಂತೆ. ನೆರೆಯ ದೋಣಿಯ ಹಿರಿಯರು ನನಗೆ ಫೋನ್ ಮಾಡಿದಾಗ ಊರಿನಲ್ಲಿ ಚಪ್ಪರ ಹಾಕುತ್ತಿದ್ದರು.

ಮದುವೆ ಮುಗಿಸಿಯೇ ಹೋದೆ. ಅಲ್ಲಿ ನಡೆದದ್ದನ್ನು ವಿಸ್ತರಿಸುವುದರಲ್ಲಿ ಹುರುಳಿಲ್ಲ. ತೂತುಗಳನ್ನು ಮುಚ್ಚಿ, ದೊಡ್ಡ ಪಂಪುಗಳಿಟ್ಟು ನೀರೆತ್ತಿ ದೋಣಿಯನ್ನು ತೇಲಿಸಿದರು. ಖರ್ಚೆಲ್ಲ ನನ್ನದು. ನಿಧಾನದ ಸವೆತದಿಂದಾದ ಹಾನಿಗೆ ಪರಿಹಾರವಿಲ್ಲ ಎಂದು ವಿಮೆಯ ಕರಾರಿನಲ್ಲೇ ಇತ್ತು, ಓದದೆ ಸಹಿ ಹಾಕಿದವನು ನಾನು. ನನ್ನನ್ನು ಇವತ್ತಿಗೂ ಕಾಡುವುದು ನೀರಿನ ಮೇಲೆ ಹರಡಿದ್ದ ಡೀಸೆಲ್ಲಿನ ಪೊರೆ. ಅದನ್ನು ಹೀರಲು ದಡದಿಂದ ದಡಕ್ಕೆ ಕಟ್ಟಿದ್ದ ಬಿಳಿ ಹಾಸುಗಳ ಮಧ್ಯೆ ಬಾತುಕೋಳಿಗಳು ಓಡಾಡುತ್ತಿದ್ದವು. ನನ್ನ ಉದಾಸೀನದ ಫಲ ಅವುಗಳ ಮೈಗೂ ಮೆತ್ತಿಕೊಂಡಿತ್ತು.

ಕೋಣೆಯ ನೆಲದ ಹಿಂತುದಿಯಲ್ಲಿ ಒಂದು ಸಣ್ಣ ಮುಚ್ಚಳವಿರುತ್ತದೆ. ಎತ್ತಿದರೆ ದೋಣಿಯ ತಳ ಕಾಣುತ್ತದೆ. ಕೋಣೆಯೊಳಗೆ ಎಲ್ಲಿ ಸೋರಿದರೂ ನೀರು ಮೊದಲು ಬಂದು ನಿಲ್ಲುವುದು ಅಲ್ಲಿ. ನನ್ನ ಮುಚ್ಚಳದ ಮೇಲೆ ಇದ್ದಲಿನ ಮೂಟೆ ಇಟ್ಟಿದ್ದೆ. ದೋಣಿ ಬರಿದಾದ ಮೇಲೆ ಎತ್ತಿ ನೋಡಿದರೆ, ಅಡಿಯ ತಗಡಿನಲ್ಲಿ ಪದರ ಪದರವಾಗಿ ತುಕ್ಕು ಎದ್ದಿತ್ತು. ಕೆಲವು ದಿನಗಳ ತುಕ್ಕಲ್ಲ ಅದು.

ನೆರೆಯ ಹಿರಿಯರು ಮರದ ದೋಣಿಗಳಲ್ಲಿ ಸರಕು ಹೊತ್ತ ಮನೆತನದವರು. 1962-63ರ ಚಳಿಗಾಲದಲ್ಲಿ ವಾರಗಟ್ಟಲೆ ಕಾಲುವೆಗಳು ಹೆಪ್ಪುಗಟ್ಟಿದ ಮೇಲೆ ಆ ಸರಕು ಸಾಗಣೆ ಹೆಚ್ಚುಕಡಿಮೆ ಮುಗಿದೇ ಹೋಯಿತು. ಹಿಂಬದಿಯ ಹತ್ತಡಿಯ ಗೂಡಿನಲ್ಲಿ ಇಡೀ ಸಂಸಾರ ಬದುಕುತ್ತಿದ್ದ ಕಾಲವದು. ಮರದ ದೋಣಿ ಸೋರಿಯೇ ಸೋರುತ್ತದೆ, ಬೆಳಗ್ಗೆ ಎದ್ದ ಕೂಡಲೇ ಕೈಪಂಪಿನಿಂದ ನೀರು ತೆಗೆಯುವುದು ಮಕ್ಕಳ ಕೆಲಸ ಎಂದು ಅವರು ಹೇಳಿದರು. ಎಷ್ಟು ಸಲ ಒತ್ತಿದೆ ಎಂದು ಅಮ್ಮ ಕೇಳುತ್ತಿದ್ದಳಂತೆ. ನಿನ್ನೆಗಿಂತ ಹೆಚ್ಚು ಒತ್ತಿದ್ದರೆ ಅವತ್ತು ಹಲಗೆಯ ಸಂದು ಹುಡುಕುತ್ತಿದ್ದರು. ಮಂಡ್ಯದಿಂದ ಅಪ್ಪ ಕೇಳಿದ್ದೂ ಅದೇ ಪ್ರಶ್ನೆ.

ಕೈಪಂಪು ನೀರನ್ನು ಹೊರಹಾಕುವುದರ ಜೊತೆಗೆ ನೀರೆಷ್ಟು ಎಂದು ಕೈಗೆ ಹೇಳುತ್ತಿತ್ತು. ನನ್ನ ಪಂಪು ಮೊದಲ ಕೆಲಸವನ್ನು ಚೆನ್ನಾಗಿ ಮಾಡಿತು, ಎರಡನೆಯದನ್ನು ಇಲ್ಲವಾಗಿಸಿತು. ಪಂಪು ಬೇಡ ಎನ್ನುತ್ತಿಲ್ಲ. ಅದು ಇರಲೇಬೇಕು, ಅದಿಲ್ಲದೆ ನನ್ನ ದೋಣಿ ಕ್ರಿಸ್ಮಸ್‌ಗೂ ಮುಂಚೆಯೇ ಮುಳುಗುತ್ತಿತ್ತು. ಎಷ್ಟು ಸಲ ಓಡಿತು ಎಂದು ಲೆಕ್ಕವಿಡುವ ಪುಟ್ಟ ಮೀಟರು ಮಾರುಕಟ್ಟೆಯಲ್ಲಿ ಸಿಗುತ್ತದೆ. ಬೆಲೆ ಹೆಚ್ಚಿಲ್ಲ. ನನಗೆ ಅದು ಬೇಕು ಎಂದೇ ಅನಿಸಿರಲಿಲ್ಲ.

ದೋಣಿಯನ್ನು ಇದ್ದ ಸ್ಥಿತಿಯಲ್ಲೇ ಮಾರಿದೆ. ಈಗ ಮತ್ತೆ ಬಾಡಿಗೆ ಮನೆಯಲ್ಲಿದ್ದೇನೆ. ಶನಿವಾರಗಳಲ್ಲಿ ಆ ಹಿರಿಯರ ಜೊತೆ ಸೇರಿ ದೋಣಿಗಳ ಗ್ಲ್ಯಾಂಡಿನ ಹುರಿ ಬದಲಿಸುವ ಕೆಲಸ ಕಲಿತೆ. ಹಳೆಯ ಹುರಿಯನ್ನು ಚೂರೂ ಉಳಿಯದಂತೆ ಕೀಳಬೇಕು, ಹೊಸ ಸುತ್ತುಗಳ ಸಂದುಗಳು ಒಂದರ ಮೇಲೊಂದು ಬಾರದಂತೆ ಕೂರಿಸಬೇಕು.

ಇಂಗ್ಲೆಂಡಿಗೆ ಬರುವ ನಮ್ಮವರಲ್ಲಿ ಮನೆ ಬಾಡಿಗೆಗೆ ಬೆದರಿ ದೋಣಿ ಕೊಳ್ಳುವ ಯೋಚನೆ ಮಾಡುವವರಿದ್ದಾರೆ, ನನ್ನನ್ನೂ ಕೇಳುತ್ತಾರೆ. ಕೊಳ್ಳಿ, ಒಳ್ಳೆಯ ಬದುಕು ಅದು. ಆದರೆ ಹಣ ಕೊಡುವ ಮೊದಲು ಮಾಲೀಕರ ಒಪ್ಪಿಗೆ ಪಡೆದು, ಅವರು ದೋಣಿಯಲ್ಲಿರುವಾಗಲೇ, ಪಂಪಿನ ಸ್ವಿಚ್ಚನ್ನು ಒಂದು ರಾತ್ರಿ ಆರಿಸಿಡಲು ಹೇಳಿ. ಬೆಳಗ್ಗೆ ಹೋಗಿ ಹಲಗೆ ಎತ್ತಿ, ಗುಂಡಿಯಲ್ಲಿ ಎಷ್ಟು ನೀರು ನಿಂತಿದೆ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ಕೊಂಡ ಮೇಲೂ ವಾರಕ್ಕೊಮ್ಮೆ ಹಾಗೆಯೇ ನೋಡಿ. ಊರಿಗೆ ಹೊರಡುವಾಗ ಬೀಗದ ಕೈಯನ್ನು ನೆರೆಯ ದೋಣಿಯವರಿಗೆ ಕೊಟ್ಟು, ದಿನ ಬಿಟ್ಟು ದಿನ ಆ ಹಲಗೆ ಎತ್ತಿ ನೋಡಿ ಎಂದು ಕೇಳಿಕೊಳ್ಳಿ. ಕಾಲುವೆಯ ಜನ ಇಲ್ಲ ಎನ್ನುವುದಿಲ್ಲ. ನಾನು ಕೇಳಿರಲಿಲ್ಲ.